ನಡುಖೋಲಿಯ ಸಿಂಗಾರ

ಮೊನ್ನೆ ಮಿಕ್ಸರಿನ ಪ್ಲಗ್ಗು ಸಡಿಲಾಗಿತ್ತು. ಸ್ಕ್ರೂಡ್ರೈವರ್ ಹುಡುಕೋಣವೆಂದು ಮೇಜಿನ ಖಾನೆ ಎಳೆದೆ. ನಮ್ಮ ಮನೆಯಲ್ಲಿ ಸ್ಕ್ರೂಡ್ರೈವರ್ ಹುಡುಕಿದವರಿಗೆ ಅದೊಂದನ್ನು ಬಿಟ್ಟು ಉಳಿದದ್ದೆಲ್ಲ ಸಿಗುತ್ತದೆ. ಅವತ್ತು ಸಿಕ್ಕಿದ್ದು ಹೆಬ್ಬೆರಳಿನಷ್ಟು ಉದ್ದದ, ತುದಿ ಬಾಗಿದ ಒಂದು ಕಬ್ಬಿಣದ ಕೊಂಡಿ. ಅದನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದಾಗ ಹೆಂಡತಿ ಸುವರ್ಣಾ ಬಂದಳು, ನೋಡಿದಳು, ನಕ್ಕಳು. ಇದನ್ನು ತೊಳೆದು ದೇವರ ಜಗಲಿಯ ಮೇಲೆ ಇಡಬೇಕು ಎಂದಳು.

ಆಕೆ ಹೇಳಿದ್ದರಲ್ಲಿ ತಪ್ಪೇನಿಲ್ಲ. ಈ ಕೊಂಡಿ ತಾನಿರಬೇಕಾದ ಜಾಗದಲ್ಲೇ ಇದ್ದುಬಿಟ್ಟಿದ್ದರೆ ನಮ್ಮ ಅಕ್ಕನ ಲಗ್ನ ಆಗುತ್ತಿತ್ತೋ ಇಲ್ಲವೋ ಯಾರು ಕಂಡಾರು! ಆದರೆ ಕೊಂಡಿಯ ಸಂಗತಿ ನಿಮಗೆ ತಿಳಿಯಬೇಕಾದರೆ ಮೊದಲು ನಮ್ಮ ನಡುಖೋಲಿಯ ಪರಿಚಯ ಆಗಬೇಕು.

ಜಮಖಂಡಿಯ ಹಳೇ ಓಣಿಗಳ ಮನೆಗಳನ್ನು ನೀವು ನೋಡಿದ್ದರೆ ನಮ್ಮ ಮನೆಯನ್ನೂ ನೋಡಿದಂತೆಯೇ. ಮುಂದೆ ಪಡಸಾಲಿ, ಹಿಂದೆ ಅಡುಗೆಮನೆ, ಇವೆರಡರ ನಡುವೆ ನಡುಖೋಲಿ. ರೈಲು ಡಬ್ಬಿಗಳ ಹಾಗೆ ಒಂದರ ಹಿಂದೊಂದು. ಬೀದಿಯಿಂದ ಬಂದವರು ಒಂದು ಲೋಟ ನೀರು ಕುಡಿಯಬೇಕೆಂದರೂ ನಡುಖೋಲಿಯನ್ನು ದಾಟಿಯೇ ಹೋಗಬೇಕು. ಮಾಳಿಗೆಯ ಮೇಲೆ ನಾನು ಲಗ್ನವಾದಾಗ ಕಟ್ಟಿಸಿದ ಒಂದು ಸಣ್ಣ ಖೋಲಿಯಿದೆ; ಅದು ನಮಗೆ ಗಂಡ ಹೆಂಡಿರಿಗೆ. ಅವ್ವನ ಮಂಚ ಪಡಸಾಲಿಯಲ್ಲಿ. ಉಳಿದದ್ದೆಲ್ಲಕ್ಕೂ ನಡುಖೋಲಿಯೇ.

ಉಳಿದದ್ದೆಲ್ಲ ಎಂದರೆ ನಿಜಕ್ಕೂ ಎಲ್ಲ. ನಾನು ಹುಟ್ಟಿದ್ದು ಅಲ್ಲೇ, ಜೋಳದ ಚೀಲಗಳ ಪಕ್ಕದಲ್ಲಿ. ಸೂಲಗಿತ್ತಿ ಬಂದವಳು ಮೊದಲು ಚೀಲ ಸರಿಸಿ, ಆಮೇಲೆ ನನ್ನ ಕಡೆಗೆ ತಿರುಗಿದಳಂತೆ. ಮೈತುಂಬ ಗೊಬ್ಬರದ ಗುಳ್ಳೆ ಎದ್ದಾಗ ನನ್ನನ್ನು ಬೇವಿನ ಎಲೆಯ ಮೇಲೆ ಮಲಗಿಸಿದ್ದೂ ಅಲ್ಲೇ. ಅದೇ ವಾರ ಅದೇ ಖೋಲಿಯ ಇನ್ನೊಂದು ಮೂಲೆಯಲ್ಲಿ ಒಣಮೆಣಸಿನಕಾಯಿ ಹರವಿದ್ದರಿಂದ ನಾನು ಮೈ ಕೆರೆದುಕೊಳ್ಳುವುದೋ ಸೀನುವುದೋ ತಿಳಿಯದೆ ಒದ್ದಾಡಿದ್ದು ಇನ್ನೂ ನೆನಪಿದೆ. ಬೀಗರು ಬಂದರೆ ಅವರ ಹಾಸಿಗೆ ಅಲ್ಲಿ. ಅವ್ವ ಜೋಳ ಹಸನು ಮಾಡುವುದು ಅಲ್ಲಿ. ಸುವರ್ಣಾ ಬಂದ ಮೇಲೆ ಅವಳ ಹೊಲಿಗೆ ಮಷೀನು ಅಲ್ಲಿ. ಓಣಿಯ ಹೆಂಗಸರೆಲ್ಲ ಜಂಪರಿನ ಅಳತೆ ಕೊಡಲು ಬರುವುದೂ ಅಲ್ಲಿಗೇ. ನಾನು ಹೈಸ್ಕೂಲಿನ ಚಿತ್ರಕಲಾ ಮಾಸ್ತರ. ನನ್ನ ಬಣ್ಣದ ಡಬ್ಬಿ, ಬ್ರಷ್ಷು, ಮುಗಿಯದೇ ನಿಂತ ಚಿತ್ರಗಳು ಅಲ್ಲಿ. ಖಾಲಿ ಸಿಲಿಂಡರು, ತುಂಬಿದ ಸಿಲಿಂಡರು, ಶ್ರಾವಣಕ್ಕೆ ಮಾತ್ರ ಇಳಿಸುವ ತಾಮ್ರದ ಹಂಡೆ, ಎಲ್ಲವೂ ಅಲ್ಲಿ.

ಮತ್ತು ನಮ್ಮ ಅಕ್ಕ ಕಸ್ತೂರಿ ಮಲಗುತ್ತಿದ್ದುದೂ ಅಲ್ಲಿಯೇ.

ಅಕ್ಕ ಮುಧೋಳದ ಒಂದು ಆಸ್ಪತ್ರೆಯಲ್ಲಿ ನರ್ಸು. ಬೆಳಿಗ್ಗೆ ಬಸ್ಸಿಗೆ ಹೋದರೆ ಸಂಜೆ ಬಸ್ಸಿಗೆ ಬರುತ್ತಿದ್ದಳು. ಆ ಖೋಲಿಯಲ್ಲಿ ಅವಳದೆಂಬುದು ಗೋಡೆಗೆ ಒಂದು ಮೊಳೆ, ಮೊಳೆಗೆ ಬಿಳಿ ಕೋಟು, ಮೂಲೆಯಲ್ಲಿ ಒಂದು ಟ್ರಂಕು. ಉಂಡ ಮೇಲೆ, ಅವತ್ತು ಎಲ್ಲಿ ಏನು ಹರವಿದೆಯೋ ನೋಡಿಕೊಂಡು, ಉಳಿದ ಜಾಗದಲ್ಲಿ ಚಾಪೆ ಬಿಚ್ಚುತ್ತಿದ್ದಳು. ವಯಸ್ಸು ನಲವತ್ತು ದಾಟಿ ಐವತ್ತರ ಕಡೆಗೆ ಮುಖ ಮಾಡಿತ್ತು. ಅಪ್ಪ ಬೇಗ ಹೋದ, ಅವಳಿಗೆ ಬೇಗ ನೌಕರಿ ಸಿಕ್ಕಿತು, ನನ್ನ ಓದು ನಡೆಯಿತು, ಬಂದ ಒಂದೆರಡು ಸಂಬಂಧ ಹಾಗೇ ಹೋದವು. ಯಾರಾದರೂ ಯಾಕೆ ಲಗ್ನ ಆಗಲಿಲ್ಲ ಎಂದು ಕೇಳಿದರೆ, "ಆಗಲಿಲ್ಲ, ಅಷ್ಟ" ಎನ್ನುತ್ತಿದ್ದಳು, ಬಸ್ಸು ಯಾಕೆ ತಡ ಎಂದು ಕೇಳಿದವರಿಗೆ ಹೇಳುವ ಹಾಗೆ.

ಅಂಥವಳಿಗೆ ಹೋದ ವರ್ಷ ಒಂದು ಸಂಬಂಧ ಬಂತು. ಬಂದದ್ದು ಆಸ್ಪತ್ರೆಯಿಂದ. ಗಲಗಲಿಯ ನೀಲವ್ವ ಎಂಬ ಹೆಂಗಸು ಪಿತ್ತಕೋಶದ ಹರಳು ತೆಗೆಸಿಕೊಳ್ಳಲು ಅಲ್ಲಿ ಸೇರಿದ್ದರು. ಒಂದು ದಿನ ವಾರ್ಡಿನಲ್ಲಿ ಯಾರದೋ ಸಂಬಂಧಿಕರು ರೋಗಿಯ ಹಾಸಿಗೆಯ ಮೇಲೆ ಸಾಲಾಗಿ ಕುಳಿತು, ರೋಗಿಯನ್ನು ಅಂಚಿಗೆ ತಳ್ಳಿ, ಗಿರಮಿಟ್ಟು ತಿನ್ನುತ್ತಿದ್ದರಂತೆ. ಅಕ್ಕ ಬಂದವಳು ಒಂದು ಮಾತೂ ಜೋರಾಗಿ ಆಡದೆ ಅವರೆಲ್ಲರನ್ನೂ ಎಬ್ಬಿಸಿ, ಗಿರಮಿಟ್ಟಿನ ಪೊಟ್ಟಣದ ಸಮೇತ ಮೆಟ್ಟಿಲಿಳಿಸಿದಳಂತೆ. ಹೊಟ್ಟೆಗೆ ಹೊಲಿಗೆ ಹಾಕಿಸಿಕೊಂಡು ಮಲಗಿದ್ದ ನೀಲವ್ವ ಅದನ್ನು ನೋಡಿ, ನಮ್ಮ ಮೈದುನಗ ಈಕಿನೇ ಸರಿ ಎಂದು ಅಲ್ಲೇ ತೀರ್ಮಾನ ಮಾಡಿದರು.

ಆ ಮೈದುನನ ಹೆಸರು ಈರಪ್ಪ. ಕಬ್ಬು, ಅರಿಷಿಣ, ಎರಡು ಎಮ್ಮೆ. ಅಣ್ಣ ಅತ್ತಿಗೆಯರ ಜೊತೆ ಇರುತ್ತಾರೆ, ಐವತ್ತು ಆಗಿದೆ, ಲಗ್ನ ಆಗಿಲ್ಲ. ಯಾಕೆ ಆಗಿಲ್ಲ ಎಂದು ನಾನು ಫೋನಿನಲ್ಲಿ ವಿಚಾರಿಸಿದೆ. ನೀಲವ್ವ ಅಲ್ಲೇ ಇದ್ದ ಮೈದುನನ ಕೈಗೆ ಫೋನು ಕೊಟ್ಟರು. ಅವರು "ಆಗಲಿಲ್ಲರಿ, ಅಷ್ಟ" ಎಂದರು.

ನಾನು ಆ ಮಾತನ್ನು ಹಾಗೇ ತಂದು ಅಕ್ಕನಿಗೆ ಹೇಳಿದೆ. ಅವಳು ಬಿಳಿ ಕೋಟಿನ ಗುಂಡಿ ಹೊಲಿಯುತ್ತಿದ್ದಳು. ದಾರ ಕಡಿದು, ಬಂದರ ಬರಲಿ ಎಂದಳು.

ಅವಳ ಬಾಯಿಂದ ಆ ಎರಡು ಶಬ್ದ ಬಿದ್ದದ್ದೇ ತಡ, ಮನೆಯಲ್ಲಿ ಗಡಿಬಿಡಿ ಹತ್ತಿಕೊಂಡಿತು. ಅವರನ್ನು ಕೂಡಿಸುವುದೆಲ್ಲಿ? ಪಡಸಾಲಿ ಬೀದಿಗೆ ತೆರೆದದ್ದು. ಅಲ್ಲಿ ಕೂಡಿಸಿದರೆ ಅರ್ಧ ಓಣಿಯೂ ಬಂದು ಕೂಡುತ್ತದೆ. ಉಳಿದದ್ದು ನಡುಖೋಲಿ. ಸುವರ್ಣಾ ಮೊಬೈಲಿನಲ್ಲಿ ಒಂದು ವಿಡಿಯೋ ತೋರಿಸಿದಳು. ಅದರಲ್ಲಿ ಒಬ್ಬ ಹೆಣ್ಣುಮಗಳು ಪೆಟ್ಟಿಗೆಯಂಥ ಖೋಲಿಯೊಂದನ್ನು ಬೆಳಿಗ್ಗೆ ಆಫೀಸು, ಮಧ್ಯಾಹ್ನ ಊಟದ ಮನೆ, ಸಂಜೆ ವ್ಯಾಯಾಮಶಾಲೆ, ರಾತ್ರಿ ಮಲಗುವ ಮನೆ ಮಾಡಿ ನಗುತ್ತ ನಿಂತಿದ್ದಳು. ಎಲ್ಲವೂ ಮಡಚುತ್ತಿತ್ತು, ಬಿಚ್ಚುತ್ತಿತ್ತು, ಗೋಡೆಯೊಳಗೆ ಹೋಗುತ್ತಿತ್ತು. ಅವ್ವ ಪೂರ್ತಿ ನೋಡಿ, ಈಕಿ ಜೋಳದ ಚೀಲ ಎಲ್ಲಿಟ್ಟಾಳ ಎಂದು ಕೇಳಿದಳು.

ಮೊದಲನೆಯ ಕೆಲಸ ಬಣ್ಣ. ಚಿತ್ರಕಲಾ ಮಾಸ್ತರನಿರುವ ಮನೆಗೆ ಬಣ್ಣದ ವಿಷಯದಲ್ಲಿ ಹೊರಗಿನವರ ಸಲಹೆ ಯಾಕೆ? ಕ್ಯಾಟಲಾಗಿನ ಚೌಕಗಳನ್ನೆಲ್ಲ ಕಣ್ಣು ಕಿರಿದು ಮಾಡಿ ನೋಡಿ, ಕಡಲಿನ ತಿಳಿಹಸಿರನ್ನು ಆರಿಸಿದೆ. ಹಸಿರು ಮನಸ್ಸಿಗೆ ಶಾಂತಿ ಕೊಡುತ್ತದೆಂದು ಸುವರ್ಣಾಳಿಗೂ ಅವ್ವನಿಗೂ ಬಣ್ಣ ಬಳಿಯುವವನಿಗೂ ಸೇರಿಸಿ ಒಂದು ಪಾಠವನ್ನೇ ಮಾಡಿದೆ. ನಾಲ್ಕೂ ಗೋಡೆ ಒಣಗಿದ ದಿನ ಸಂಜೆ ಅಕ್ಕ ಬಸ್ಸಿಳಿದು ಬಂದಳು. ಹೊಸ್ತಿಲಲ್ಲಿ ನಿಂತು ಒಮ್ಮೆ ಸುತ್ತಲೂ ನೋಡಿದಳು. "ಡ್ಯೂಟಿ ಮುಗದತಿ ಅಂತ ತಿಳಕೊಂಡಿದ್ದೆ" ಎಂದು ಕೈಚೀಲ ಕೆಳಗಿಟ್ಟಳು. ಆಮೇಲೆ ನನಗೂ ಹೊಳೆಯಿತು. ಅದು ಕಡಲಿನ ಹಸಿರಲ್ಲ, ಆಪರೇಶನ್ ಥಿಯೇಟರಿನ ಹಸಿರು. ಟ್ಯೂಬ್‌ಲೈಟು ಹಾಕಿದರಂತೂ ಎಲ್ಲರ ಮುಖವೂ ಆಗತಾನೇ ಎಚ್ಚರ ತಪ್ಪಿದವರ ಹಾಗೆ ಕಾಣುತ್ತಿತ್ತು.

ಎರಡನೆಯದು ಪರದೆ. ಸುವರ್ಣಾಳ ತವರು ಬನಹಟ್ಟಿ. ಅಲ್ಲಿ ಮಗ್ಗದ ಸದ್ದಿಲ್ಲದ ಓಣಿ ಸಿಗುವುದು ಕಷ್ಟ. ಆಕೆ ಹೋಗಿ, ತವರಿನವರ ಮಗ್ಗದಲ್ಲಿ ಇಳಿದ ಕೆಂಪು ದಡಿಯ, ಬದನೆಕಾಯಿ ಬಣ್ಣದ ಸೀರೆಗಳನ್ನೇ ತಂದು, ಕತ್ತರಿಸಿ, ಪರದೆ ಮಾಡಿದಳು. ಕಿಟಕಿಗೆ ಒಂದು, ಎರಡು ಬಾಗಿಲಿಗೆ ಎರಡು. ಇನ್ನೊಂದನ್ನು ಖೋಲಿಯ ನಟ್ಟನಡುವೆ ತಂತಿ ಕಟ್ಟಿ ಇಳಿಬಿಟ್ಟಳು. ಅದನ್ನು ಎಳೆದರೆ ಒಂದು ಖೋಲಿ ಎರಡಾಗುತ್ತಿತ್ತು. ಈ ಕಡೆ ಬೈಠಕ್ ಖೋಲಿ, ಆ ಕಡೆ ಹೊಲಿಗೆಯ ಅಂಗಡಿ. ಎಳೆದಳು, ಬಿಟ್ಟಳು, ಮತ್ತೆ ಎಳೆದಳು. ಅವತ್ತು ಅವಳ ಮುಖದಲ್ಲಿದ್ದ ಹಿಗ್ಗನ್ನು ನಾನು ನಮ್ಮ ಲಗ್ನದಲ್ಲೂ ಕಂಡಿರಲಿಲ್ಲ.

ಮೂರನೆಯದು ಅವ್ವನ ಚೀಲಗಳು. ಅವ್ವ ಅವನ್ನು ಬಿಟ್ಟುಕೊಡಲು ಒಪ್ಪಲಿಲ್ಲ. ಜೋಳ ಇಲ್ಲದ ಮನೆಗೆ ಯಾರು ಹೆಣ್ಣು ಕೇಳಾಕ ಬರ್ತಾರ ಎಂಬುದು ಅವಳ ವಾದ. ಕೊನೆಗೆ ಚೀಲಗಳನ್ನು ಅಡ್ಡ ಮಲಗಿಸಿ, ಮೇಲೆ ಗಾದಿ ಹಾಕಿ, ಗಾದಿಯ ಮೇಲೆ ಉಳಿದ ಸೀರೆಯ ತುಂಡು ಹೊದಿಸಿ, ಎರಡು ಲೋಡು ಇಟ್ಟೆವು. ದೂರದಿಂದ ಅಪ್ಪಟ ದಿವಾನ. ಹತ್ತಿರ ಹೋದರೆ ಜೋಳದ ವಾಸನೆ ಬರುತ್ತಿತ್ತು, ಅಷ್ಟೇ.

ನಾಲ್ಕನೆಯದು ಸೋಫಾ. ಹಗಲಲ್ಲಿ ಸೋಫಾ, ರಾತ್ರಿ ಮಂಚ ಆಗುವಂಥದ್ದು. ಅದು ಮುಧೋಳದಿಂದ ಟೆಂಪೋದಲ್ಲಿ ಬಿಡಿಬಿಡಿಯಾಗಿ ಬಂತು. ಜೊತೆಗೆ ಒಂದು ನಕ್ಷೆ. ನಾನು ನಕ್ಷೆ ಹಿಡಿದು ಹೇಳಿದೆ, ಟೆಂಪೋದ ಡ್ರೈವರು ಸ್ಕ್ರೂ ತಿರುವಿದ. ಎಲ್ಲ ಮುಗಿದು ಸೋಫಾ ಎದ್ದು ನಿಂತಾಗ ನೆಲದ ಮೇಲೆ ಒಂದು ಕೊಂಡಿ ಉಳಿದಿತ್ತು. ನಾನು ನಕ್ಷೆಯನ್ನು ತಿರುಗಿಸಿ ಮುರುಗಿಸಿ ನೋಡಿದೆ. ಕಂಪನಿಯವರು ಯಾವಾಗಲೂ ಒಂದು ಹೆಚ್ಚಿಗಿ ಕೊಟ್ಟಿರತಾರ್ರಿ ಸರ ಎಂದ ಡ್ರೈವರು. ನನಗೆ ಆ ಕಂಪನಿಯ ಮೇಲೆ ಗೌರವ ಹುಟ್ಟಿತು. ಕೊಂಡಿಯನ್ನು ಮೇಜಿನ ಖಾನೆಯಲ್ಲಿ ಜೋಪಾನವಾಗಿ ಇಟ್ಟೆ.

ಬರುವ ದಿನ ಬಂತು. ನೀಲವ್ವ ಮತ್ತು ಈರಪ್ಪ ಇಬ್ಬರೇ ಬಂದರು. ಈರಪ್ಪನವರು ಎತ್ತರದ ಆಳು, ಇಸ್ತ್ರಿ ಮುರಿಯದ ಬಿಳಿ ಅಂಗಿ, ಬಿಸಿಲಿಗೆ ಕಪ್ಪಾದ ಮುಖ, ಹಣೆಯ ಮೇಲೆ ಸಣ್ಣಗೆ ವಿಭೂತಿ. ನೀಲವ್ವನವರನ್ನು ನೋಡಿ ಮಾತ್ರ ಸುವರ್ಣಾ ಅಡುಗೆಮನೆಯ ಬಾಗಿಲಲ್ಲೇ ನಿಂತುಬಿಟ್ಟಳು. ಅವರು ಉಟ್ಟಿದ್ದು ಕೆಂಪು ದಡಿಯ ಬದನೆಕಾಯಿ ಬಣ್ಣದ ಸೀರೆ. ಅದೇ ಮಗ್ಗ, ಅದೇ ದಡಿ. ಖೋಲಿಯ ಅಂದ ನೋಡಲು ಅವರು ನಡುವಿನ ಪರದೆಯ ಮುಂದೆ ಹೋಗಿ ನಿಂತಾಗ ನಮಗೆ ಒಂದು ಮುಖ ಮತ್ತು ಎರಡು ಕೈ ಮಾತ್ರ ಕಾಣುತ್ತಿದ್ದವು. ಅವರಿಗೂ ಗೊತ್ತಾಯಿತು. ಸೆರಗನ್ನು ಪರದೆಗೆ ಹಿಡಿದು ಹೋಲಿಸಿ ನೋಡಿ, ನಮ್ಮ ಮನಿಗೆ ಬಂದಂಗ ಆತು ಎಂದು ನಕ್ಕು, ದಿವಾನದ ಮೇಲೆ ಕುಳಿತರು. ಕುಳಿತವರು ಗಾದಿ ಭಾಳ ಗಟ್ಟಿ ಐತಿ ಎಂದರು. ಅವ್ವ ಇದಕ್ಕಾಗಿಯೇ ಕಾದಿದ್ದವಳ ಹಾಗೆ ಸೀರೆಯ ಅಂಚೆತ್ತಿ, ಗಾದಿಯನ್ನು ಸರಿಸಿ, ಚೀಲದ ಬಾಯಿ ಬಿಚ್ಚಿ, ಒಂದು ಹಿಡಿ ಬಿಳಿಜೋಳ ತೆಗೆದು ಅವರ ಅಂಗೈಗೆ ಸುರಿದಳು. ನಾವು ಒಂದು ವಾರ ಕಷ್ಟಪಟ್ಟು ಮುಚ್ಚಿಟ್ಟದ್ದೆಲ್ಲ ಹೊರಬಂತು. ಇಬ್ಬರೂ ಕಾಳನ್ನು ಹಲ್ಲಿನಲ್ಲಿ ಕಡಿದು ನೋಡಿ ತೃಪ್ತಿಯಿಂದ ತಲೆಯಾಡಿಸಿದರು.

ನಾನು ಈರಪ್ಪನವರನ್ನು ಸೋಫಾದ ಮೇಲೆ ಕುಳ್ಳಿರಿಸಿದೆ. ಅವರು ಅಂಚಿನಲ್ಲೇ, ಬಸ್ಸಿನಲ್ಲಿ ಇಳಿಯಲು ತಯಾರಾದವರ ಹಾಗೆ ಕುಳಿತರು. ಸುವರ್ಣಾ ಅವರ ಕೈಗೆ ಸುಸಲಾ ತಟ್ಟೆ ಕೊಟ್ಟಳು. ಆರಾಮ ಕುಂಡ್ರರಿ, ಹಿಂದ ಸರೀರಿ ಎಂದು ನಾನೇ ಒತ್ತಾಯ ಮಾಡಿದೆ. ಪಾಪ, ನನ್ನ ಮಾತಿಗೆ ಬೆಲೆ ಕೊಟ್ಟು ಅವರು ಹಿಂದಕ್ಕೆ ಒರಗಿದರು.

ಟಕ್ ಎಂದು ಒಂದು ಸದ್ದು. ಸೋಫಾ ಮಂಚವಾಯಿತು. ವಿಡಿಯೋದಲ್ಲಿಯೂ ಅಷ್ಟು ಬೇಗ ಆಗಿರಲಿಲ್ಲ. ಈರಪ್ಪನವರ ಕಾಲು ಮೇಲೆದ್ದು, ಬೆನ್ನು ಕೆಳಗಿಳಿದು, ನಾವು ನೋಡುನೋಡುತ್ತಿದ್ದಂತೆ ಅಂಗಾತ ಮಲಗಿದ್ದರು. ಎದೆಯ ಮೇಲೆ ತಟ್ಟೆ, ಮೈತುಂಬ ಚುರಮುರಿ, ಒಂದು ಕರಿಬೇವಿನ ಎಲೆ ವಿಭೂತಿಯ ಮೇಲೆ. ಕಣ್ಣು ಮೇಲಿನ ಜಂತಿಯ ಕಡೆಗೆ. ಏಳಲು ನೋಡಿದರು, ಸೊಂಟ ಹಿಡಿದುಕೊಂಡಿತ್ತು.

ಅಷ್ಟರಲ್ಲಿ ಅಕ್ಕ ಚಹಾದ ಟ್ರೇ ಹಿಡಿದು ಒಳಗೆ ಬಂದಳು. ಅವಳಿಗೆ ರೇಷ್ಮೆ ಸೀರೆ ಉಡಿಸಿ, ಹೂವು ಮುಡಿಸಿ, ನಿಧಾನ ಬಾ, ನೆಲ ನೋಡುತ್ತ ಬಾ ಎಂದೆಲ್ಲ ಸುವರ್ಣಾ ಹೇಳಿಕೊಟ್ಟಿದ್ದಳು. ಅಕ್ಕ ಟ್ರೇಯನ್ನು ಹೊಲಿಗೆ ಮಷೀನಿನ ಮೇಲಿಟ್ಟು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ನೇರ ಸೋಫಾದ ಬಳಿಗೆ ಹೋದಳು.

"ಅಲ್ಲಾಡಬ್ಯಾಡ್ರಿ" ಎಂದಳು. ಆಮೇಲೆ, "ಕಾಲಬೆರಳ ಅಲ್ಲಾಡಸ್ರಿ."

ಈರಪ್ಪನವರು ಜಂತಿ ನೋಡುತ್ತಲೇ ಹೇಳಿದರು: "ಯಾವದರ ಒಂದ ಹೇಳ್ರಿ. ಅಲ್ಲಾಡಸಲೋ, ಬ್ಯಾಡೋ?"

ಅಕ್ಕ ನಕ್ಕಳು. ಅವರಿಬ್ಬರ ಮೊದಲ ಮಾತು ಇದು.

ಡಾಕ್ಟರನ್ನು ಕರೆಸಿದೆವು. ಎಲುಬಿಗೆ ಏನೂ ಆಗಿಲ್ಲ, ಮಾಂಸಖಂಡ ಹಿಡಿದಿದೆ, ನಾಲ್ಕಾರು ದಿನ ಅಂಗಾತ ಮಲಗಿರಬೇಕು, ಗಲಗಲಿಯವರೆಗೆ ಗಾಡಿಯಲ್ಲಿ ಕುಲುಕಿಸಿಕೊಂಡು ಹೋಗುವುದಂತೂ ಬೇಡ ಎಂದು ಹೇಳಿ, ಅವರು ಗೋಡೆಯ ಬಣ್ಣವನ್ನು ಒಮ್ಮೆ ಮೆಚ್ಚಿಗೆಯಿಂದ ನೋಡಿ ಹೋದರು. ಆ ಬಣ್ಣಕ್ಕೆ ಸಿಕ್ಕ ಮೊದಲ ಮೆಚ್ಚಿಗೆ ಅದು.

ನಾನು ಕುಗ್ಗಿಹೋಗಿದ್ದೆ. ಹೆಣ್ಣು ನೋಡಲು ಬಂದ ಗಂಡು ಹೆಣ್ಣಿನ ಮನೆಯಲ್ಲೇ ಮಲಗಿದರೆ ಜನ ಏನೆಂದಾರು? ನೀಲವ್ವನವರಿಗೆ ಎಮ್ಮೆ ಹಿಂಡಲು ಸಂಜೆಯೊಳಗೆ ಊರು ಸೇರಬೇಕು. ಅವರು ಕೊಂಚವೂ ತಲೆ ಕೆಡಿಸಿಕೊಳ್ಳಲಿಲ್ಲ. "ನೋಡಾಕ ಬಂದಿದ್ವಿ" ಎಂದರು ಚಪ್ಪಲಿ ಮೆಟ್ಟುತ್ತ, "ಚಲೋತ್ನಂಗ ನೋಡ್ಲಿ ಬಿಡ್ರಿ."

ಹೀಗೆ ನಮ್ಮ ನಡುಖೋಲಿಗೆ ಒಬ್ಬ ವರ ಸೇರಿಕೊಂಡರು. ಅಕ್ಕ ತನ್ನ ಚಾಪೆಯನ್ನು ಪಡಸಾಲಿಗೆ, ಅವ್ವನ ಮಂಚದ ಪಕ್ಕಕ್ಕೆ ಒಯ್ದಳು.

ಖೋಲಿಯ ಉಳಿದ ಕೆಲಸಗಳು ಯಾರಿಗಾಗಿಯೂ ನಿಲ್ಲುವಂಥವಲ್ಲ. ಮರುದಿನ ಬೆಳಿಗ್ಗೆಯೇ ಜಂಪರಿನ ಅಳತೆಯವರು ಬರತೊಡಗಿದರು. ಸುವರ್ಣಾ ನಡುವಿನ ಪರದೆ ಎಳೆದಳು. ಆ ಕಡೆಗೆ ಹೆಂಗಸರ ಸದ್ದು ಕೇಳಿದೊಡನೆ ಈರಪ್ಪನವರು ಈ ಕಡೆಯಿಂದ ಕೆಮ್ಮಿ ತಾವಿದ್ದೇವೆಂದು ತಿಳಿಸುತ್ತಿದ್ದರು. ಎಷ್ಟು ಸಭ್ಯ ಮನುಷ್ಯ ಎಂದರೆ, ಅಳತೆ ಮುಗಿಯುವವರೆಗೂ ನಡುನಡುವೆ ಕೆಮ್ಮುತ್ತಲೇ ಇದ್ದರು. ಅವರಿಗೆ ಕ್ಷಯ ಇರಬೇಕೆಂದು ಓಣಿಯಲ್ಲಿ ಸುದ್ದಿಯಾಯಿತು. ಆ ಸುದ್ದಿಯನ್ನು ಖಾತ್ರಿ ಮಾಡಿಕೊಳ್ಳಲು ಇನ್ನಷ್ಟು ಹೆಂಗಸರು ಜಂಪರ್ ಬಟ್ಟೆ ಹಿಡಿದು ಬಂದರು. ದೀಪಾವಳಿಗೂ ಅಷ್ಟು ಹೊಲಿಗೆ ಬಂದಿರಲಿಲ್ಲ ಎಂದಳು ಸುವರ್ಣಾ.

ಅವ್ವ ಎರಡು ದಿನ ದೂರದಿಂದ ನೋಡಿದಳು. ಕೈಕಾಲು ಗಟ್ಟಿಯಿರುವ ಮನುಷ್ಯ ಸುಮ್ಮನೆ ಮಲಗಿರುವುದು ಅವಳ ಕಣ್ಣಿಗೆ ಸರಿ ಕಾಣಲಿಲ್ಲ. ಮೂರನೆಯ ದಿನ ಒಂದು ಮೊರದ ತುಂಬ ಜೋಳ ತಂದು ಅವರ ಪಕ್ಕದಲ್ಲಿಟ್ಟು, ಮಗ್ಗಲಾಗಿ ಮಲಗಿ ಹಳ್ಳು ಆರಿಸಲು ಬರುತ್ತದೇನೋ ನೋಡಿರೆಂದು ಕೇಳಿದಳು. ನಾನು ಗಾಬರಿಯಾಗಿ ತಡೆಯಲು ಹೋದೆ. ಅವರು ಆಗಲೇ ಆರಿಸಲು ಸುರು ಮಾಡಿದ್ದರು. ಹೊಳೆ ಏರಿದಾಗ ಗಲಗಲಿಯ ತಗ್ಗಿನ ಮನೆಗಳವರು ಇವರ ಅಟ್ಟದ ಮೇಲೆ ತಂದಿಡುವ ಸಾಮಾನುಗಳ ಮಾತು ಹೇಳುತ್ತ, ಒಮ್ಮೆ ಯಾರೋ ಮರಿ ಹಾಕಲಿದ್ದ ಆಡನ್ನೂ ಏರಿಸಿ, ಅದು ಅಟ್ಟದ ಮೇಲೇ ಈದು, ಇಳಿಸುವಾಗ ಎರಡು ಹೆಚ್ಚಾಗಿದ್ದನ್ನು ಹೇಳುತ್ತ, ಮೊರದ ಜೋಳವನ್ನೆಲ್ಲ ಹಸನು ಮಾಡಿ ಮುಗಿಸಿದರು. ಅವ್ವ ಇನ್ನೊಂದು ಮೊರ ತಂದಳು.

ನಾನೂ ಅವಕಾಶ ಬಿಡಲಿಲ್ಲ. ಹದಿನೈದು ವರ್ಷದ ನೌಕರಿಯಲ್ಲಿ ನನಗೆ ಅಲುಗಾಡದ ಮನುಷ್ಯ ಸಿಕ್ಕಿದ್ದು ಅದೇ ಮೊದಲು. ಅವರ ಒಪ್ಪಿಗೆ ಪಡೆದು ಒಂದು ಮಧ್ಯಾಹ್ನವೆಲ್ಲ ಕುಳಿತು ಅವರ ಚಿತ್ರ ಬರೆದೆ. ಅವ್ವ ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿ, ಸೋಫಾ ಭಾಳ ಛಲೋ ಬಂದೈತಿ ಎಂದಳು.

ಅಕ್ಕ ಬೆಳಿಗ್ಗೆ ಬಸ್ಸಿಗೆ ಹೋಗುವ ಮುಂಚೆ ಅವರಿಗೆ ಗುಳಿಗೆ ಕೊಟ್ಟು ಹೋಗುತ್ತಿದ್ದಳು. ಸಂಜೆ ಬಂದು ಬಿಸಿನೀರಿನ ಚೀಲ ತುಂಬಿ ಕೊಡುತ್ತಿದ್ದಳು. ಹೆಚ್ಚು ಮಾತಿರಲಿಲ್ಲ. ಅವರು ಒಮ್ಮೆ ಆಸ್ಪತ್ರೆಯಲ್ಲಿ ಇವತ್ತು ಏನಾಯಿತೆಂದು ಕೇಳಿದರು; ಅದನ್ನು ನಮ್ಮ ಮನೆಯಲ್ಲಿ ಯಾರೂ ಕೇಳುವ ರೂಢಿಯಿರಲಿಲ್ಲ. ಅವಳು ನಿಂತೇ ಹೇಳತೊಡಗಿದವಳು, ಸ್ವಲ್ಪ ಹೊತ್ತಿಗೆ ದಿವಾನದ ಅಂಚಿಗೆ ಕುಳಿತಳು. ಸುವರ್ಣಾ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ನನ್ನ ಕಡೆಗೆ ನೋಡಿದಳು. ನಾನು ರೊಟ್ಟಿ ಬಡಿ ಎಂದು ಸನ್ನೆ ಮಾಡಿದೆ. ಸದ್ದು ನಿಂತರೆ ಅವರ ಮಾತೂ ನಿಂತೀತೆಂದು ನನಗೆ ಭಯ.

ರವಿವಾರ ಅಕ್ಕನಿಗೆ ರಜೆ. ಅವತ್ತು ಈರಪ್ಪನವರು ಮೊದಲ ಸಲ ಎದ್ದು, ಗೋಡೆಗೆ ಬೆನ್ನು ಹಚ್ಚಿ ಕುಳಿತರು. ಸೋಫಾಕ್ಕೆ ಒರಗುವ ಧೈರ್ಯ ಮನೆಯಲ್ಲಿ ಯಾರಿಗೂ ಉಳಿದಿರಲಿಲ್ಲ. ಮಧ್ಯಾಹ್ನ ನೀಲವ್ವ ಗಾಡಿ ಮಾಡಿಕೊಂಡು ಬಂದು ಕರೆದೊಯ್ಯುವವರಿದ್ದರು. ಅವ್ವ ದಿವಾನದ ಮೇಲೆ, ಸುವರ್ಣಾ ಮಷೀನಿನ ಮುಂದೆ, ನಾನು ಮೇಜಿನ ಹತ್ತಿರ. ಎಲ್ಲರೂ ಏನೋ ಕೆಲಸದಲ್ಲಿರುವ ಹಾಗೆ ಇದ್ದೆವು. ಅಕ್ಕ ಅವರ ಸಾಮಾನನ್ನೆಲ್ಲ ಚೀಲಕ್ಕೆ ತುಂಬಿ, ಚೀಲದ ಬಾಯಿ ಕಟ್ಟಿ, ಎದುರಿಗೆ ನಿಂತಳು.

"ನಿಮ್ಮ ಮನ್ಯಾಗ ಖಾಲಿ ಖೋಲಿ ಐತೇನ್ರಿ?"

ಅವರು ಇಂಥ ಪ್ರಶ್ನೆಗೆ ತಯಾರಾಗಿರಲಿಲ್ಲ. ನಾವೂ ಆಗಿರಲಿಲ್ಲ. ಅವರು ಮನಸ್ಸಿನಲ್ಲೇ ಮನೆಯನ್ನೊಮ್ಮೆ ಸುತ್ತಿ ಬಂದು, ಒಂದರಲ್ಲಿ ಅಣ್ಣ ಅತ್ತಿಗೆ ಇರುತ್ತಾರೆ, ಒಂದರಲ್ಲಿ ಗೊಬ್ಬರದ ಚೀಲ, ಹಿಂದಿನದರಲ್ಲಿ ಔಷಧ ಹೊಡೆಯುವ ಪಂಪು, ಪೈಪು ಇಟ್ಟಿದ್ದೇವೆ ಎಂದರು. ಆಮೇಲೆ, ಆ ಹಿಂದಿನದಕ್ಕೆ ಒಂದು ಕಿಟಕಿಯಿದೆ, ಅದರಿಂದ ಹೊಳೆ ಕಾಣುತ್ತದೆ ಎಂದರು.

"ಪಂಪ ತಗದರ ಖಾಲಿ ಆಗತೈತೇನು?"

"ಆಗತೈತಿ."

"ಖಾಲಿ ಆದ ಮ್ಯಾಲ ಏನ ಇಡತೀರಿ?"

ಸುವರ್ಣಾಳ ಮಷೀನು ನಿಂತಿತು. ಈರಪ್ಪನವರು ನಮ್ಮ ಖೋಲಿಯನ್ನು ಒಂದು ಸಲ ನಿಧಾನವಾಗಿ ನೋಡಿದರು. ಹಸಿರು ಗೋಡೆ, ಪರದೆ, ದಿವಾನ, ಮಷೀನು, ಚಿತ್ರಗಳು, ಸಿಲಿಂಡರು. ಕೊನೆಗೆ ಮೊಳೆಗೆ ತೂಗುಬಿದ್ದ ಬಿಳಿ ಕೋಟು.

"ಏನೂ ಇಡಂಗಿಲ್ಲರಿ" ಎಂದರು.

ಅಕ್ಕ ಅವರ ಮುಖವನ್ನೇ ನೋಡುತ್ತ ನಿಂತಳು. ಆಮೇಲೆ "ಆತು" ಎಂದು, ಚೀಲವನ್ನು ಎತ್ತಿ ಪಡಸಾಲಿಗೆ ಒಯ್ದಳು.

ಅವ್ವನಿಗೆ ಕಿವಿ ಸ್ವಲ್ಪ ಮಂದ. "ಏನಾತು?" ಎಂದು ಕೇಳಿದಳು.

"ಲಗ್ನ ಆತ್ರಿ" ಎಂದಳು ಸುವರ್ಣಾ.

ಆ ಹೊತ್ತಿಗೆ ನನಗೆ ಏನನ್ನಿಸಿತು ಎಂದು ನೀವು ಕೇಳಿದರೆ, ಸಂತೋಷ ಆಯಿತು, ಖರೆ. ಅದರ ಹಿಂದೆಯೇ ಸ್ವಲ್ಪ ಕಸಿವಿಸಿಯೂ ಆಯಿತು. ಇಷ್ಟು ಬಣ್ಣ, ಇಷ್ಟು ಪರದೆ, ಇಷ್ಟು ಏರಿಸಿ ಇಳಿಸಿದ್ದು, ಎಲ್ಲ ಕೂಡಿ ಅವಳಿಗೆ ಬೇಕಾದದ್ದು ಬರೀ ನಾಲ್ಕು ಗೋಡೆಯೇ? ಸುವರ್ಣಾಳ ಕಡೆ ತಿರುಗಿದೆ. ಅವಳು ತಲೆ ತಗ್ಗಿಸಿ ಮತ್ತೆ ಮಷೀನು ತುಳಿಯುತ್ತಿದ್ದಳು. ಕಣ್ಣು ಒದ್ದೆಯಾಗಿದ್ದವು. ಯಾರದೋ ಜಂಪರಿನ ತೋಳನ್ನು ಕೊರಳಿಗೆ ಹಚ್ಚಿ ಹೊಲಿಯುತ್ತಿದ್ದಳು.

ಲಗ್ನ ಸಣ್ಣದಾಗಿ ಆಯಿತು. ಅಕ್ಕ ನೌಕರಿ ಬಿಡಲಿಲ್ಲ. ಗಲಗಲಿಯಿಂದ ಮುಧೋಳಕ್ಕೂ ಬಸ್ಸಿದೆ. ಮುಂದೆ ಕಬ್ಬು ಕಡಿಯುವ ಕಾಲ ಬಂದಾಗ ನಾವು ಮೂವರೂ ಅವಳನ್ನು ನೋಡಲು ಹೊರಟೆವು. ದಾರಿಯುದ್ದಕ್ಕೂ ಸಮೀರವಾಡಿಯ ಸಕ್ಕರೆ ಕಾರ್ಖಾನೆಯ ಕಡೆಗೆ ಹೋಗುವ ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ಸಿಕ್ಕಿಬಿದ್ದು, ಮುಟ್ಟುವ ಹೊತ್ತಿಗೆ ಮಧ್ಯಾಹ್ನ ಇಳಿದಿತ್ತು.

ಈರಪ್ಪನವರು ಬಾಗಿಲಿಗೆ ಬಂದು ಕರೆದುಕೊಂಡರು. ಆದರೆ ನಮ್ಮನ್ನು ಕೂಡಿಸುವುದೆಲ್ಲಿ ಎಂದು ಅವರಿಗೂ ತಿಳಿಯಲಿಲ್ಲ. ಅವರ ಪಡಸಾಲಿಯಲ್ಲಿ ಕುರ್ಚಿಯ ಮೇಲೆ ಔಷಧದ ಪಂಪು ಕುಳಿತಿತ್ತು. ಬಾಕಿನ ಮೇಲೆ ಪೈಪಿನ ಸುರುಳಿ, ಟೀವಿಯ ಪಕ್ಕದಲ್ಲಿ ಮೋಟಾರು, ಅದರ ಮೇಲೆ ನೀಲವ್ವನವರ ಹಪ್ಪಳದ ತಟ್ಟೆ. ನೀಲವ್ವ ಪೈಪು ಸರಿಸಿ ಅವ್ವನಿಗೆ ಜಾಗ ಮಾಡುತ್ತ, ಹಿಂದಿನ ಖೋಲಿಯೊಳಗೆ ಒಂದು ಕಸಬರಿಗೆ ಇಡಲಿಕ್ಕೂ ಮೈದುನ ಬಿಡುವುದಿಲ್ಲವೆಂದು ದೂರು ಹೇಳಿದರು. ಮುಖ ನೋಡಿದರೆ ದೂರಿನಂತೆ ಇರಲಿಲ್ಲ.

ಕಸ್ತೂರಿ ಎಲ್ಲಿ ಎಂದು ಅವ್ವ ಕೇಳಿದಳು. ಈರಪ್ಪನವರು ಬೆರಳನ್ನು ತುಟಿಯ ಮೇಲಿಟ್ಟು, ಹಿಂದಿನ ಖೋಲಿಯ ಕಡೆಗೆ ಕೈ ಮಾಡಿದರು. ಬಾಗಿಲು ಅರ್ಧ ತೆರೆದಿತ್ತು. ನಾವು ಕಾಲು ಸಪ್ಪಳ ಮಾಡದೆ ಹೋಗಿ ಇಣುಕಿದೆವು.

ಸುಣ್ಣದ ಗೋಡೆ. ಒಂದು ಕಿಟಕಿ. ಕಿಟಕಿಯಾಚೆ ಕಬ್ಬಿನ ಗರಿಗಳು, ಅದರಾಚೆ ಬಿಸಿಲಿಗೆ ಹೊಳೆಯುತ್ತಿದ್ದ ನೀರು. ಖೋಲಿಯ ನಟ್ಟನಡುವೆ ಒಂದು ಚಾಪೆ. ಹಗಲುಹೊತ್ತಿನಲ್ಲಿ ಅಕ್ಕ ಮಲಗಿದ್ದನ್ನು ನಾವು ಯಾರೂ ಯಾವತ್ತೂ ಕಂಡಿರಲಿಲ್ಲ. ಎರಡೂ ಕೈ ಆಚೆ ಈಚೆ ಚಾಚಿ, ಕಾಲು ಚಾಪೆಯಿಂದ ಆಚೆ ನೀಡಿ, ಬಾಯಿ ಸ್ವಲ್ಪ ತೆರೆದು, ಗಾಢವಾಗಿ ನಿದ್ದೆ ಮಾಡುತ್ತಿದ್ದಳು. ಅವ್ವ ಎಷ್ಟೋ ಹೊತ್ತು ನೋಡಿದಳು. ಆಮೇಲೆ ತಾನೇ ಬಾಗಿಲನ್ನು ಮೆಲ್ಲಗೆ ಮುಂದೆ ಮಾಡಿದಳು.

ನಮ್ಮ ಅಕ್ಕ ಅಷ್ಟು ಎತ್ತರದವಳೆಂದು ನನಗೆ ಗೊತ್ತೇ ಇರಲಿಲ್ಲ.